ಇಪ್ಪತ್ತೊಂದು ತಿರುವಿನ ಬೆಟ್ಟದಲ್ಲಿ ನಾಲ್ಕು ಸೆಕೆಂಡು

ಪಂದ್ಯದಲ್ಲಿ ಮುಂದೆ ಬಂದವರು ಗೆದ್ದರು, ಹಿಂದೆ ಬಂದವರು ಸೋತರು. ನನಗೆ ಗೊತ್ತಿದ್ದ ಲೆಕ್ಕ ಇಷ್ಟೇ. ಹೈಸ್ಕೂಲಿನಲ್ಲಿದ್ದಾಗ ನಿಂಬೆಹಣ್ಣು-ಚಮಚದ ಓಟದಲ್ಲಿ ಎರಡು ವರ್ಷ ಸ್ಟೀಲ್ ಲೋಟ ಗೆದ್ದವಳು ನಾನು. ಎರಡು ಸಲವೂ ಗೆರೆ ಮೊದಲು ದಾಟಿದವಳು ನಾನೇ, ಲೋಟ ಸಿಕ್ಕಿದ್ದೂ ನನಗೇ. ಯಾರೂ ತಕರಾರು ಮಾಡಲಿಲ್ಲ. ಆದರೆ 2024ರ ಆಗಸ್ಟ್ 18ರ ಭಾನುವಾರ ಫ್ರಾನ್ಸ್ ದೇಶದ ಒಂದು ಬೆಟ್ಟದ ಮೇಲೆ ಮೊದಲು ಬಂದ ಹುಡುಗಿ ಸೋತು ಅತ್ತಳು. ನಾಲ್ಕನೆಯವಳಾಗಿ ಬಂದವಳು ಗೆದ್ದು ಅತ್ತಳು. ಆ ದಿನ ನಾನು ಅದೇ ಬೆಟ್ಟದಲ್ಲಿ, ಕೈಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಇದೇನು ವಿಚಿತ್ರ ಎಂದು ನೀವು ಕೇಳುವಿರಿ. ನಾನೂ ಹಾಗೇ ಕೇಳಿದ್ದೆ. ತಿಳಿದುಕೊಳ್ಳಲು ಒಂದು ರಾತ್ರಿ ಮತ್ತು ಒಂದು ಇಡೀ ಹಗಲು ಬೇಕಾಯಿತು.

ನಮ್ಮ ಹಿರಿಯ ಮಗಳು ಗ್ರೆನೋಬ್ಲ್ ಎಂಬ ಊರಿನಲ್ಲಿ ಓದುತ್ತಿದ್ದಳು. ಆ ವರ್ಷದ ರಜಕ್ಕೆ ಊರಿಗೆ ಬರಲಾಗುವುದಿಲ್ಲ ಎಂದು ಬರೆದಾಗ, 'ನೀನೇ ಹೋಗಿ ನೋಡಿಕೊಂಡು ಬಾ' ಎಂದು ನಮ್ಮವರು ಟಿಕೆಟ್ ಮಾಡಿಸಿದರು. ಅವರಿಗೆ ರಜೆ ಇಲ್ಲ, ಮೇಲಾಗಿ ಅತ್ತೆಯವರನ್ನು ನೋಡಿಕೊಳ್ಳಲು ಒಬ್ಬರಾದರೂ ಮನೆಯಲ್ಲಿರಬೇಕಲ್ಲ. ಹೀಗಾಗಿ ಶಿವಮೊಗ್ಗದಿಂದಾಚೆಗೆ ಒಬ್ಬಳೇ ಬೆಂಗಳೂರಿಗೂ ಹೋಗದಿದ್ದ ನಾನು ಮೂರು ವಾರದ ಮಟ್ಟಿಗೆ ಫ್ರಾನ್ಸ್ ಕಂಡೆ.

ಗ್ರೆನೋಬ್ಲ್ ತಟ್ಟೆಯಂತೆ ಚಪ್ಪಟೆಯಾದ ಊರು. ಆದರೆ ತಟ್ಟೆಯ ಅಂಚಿಗೆಲ್ಲ ಬೆಟ್ಟಗಳು. ಯಾವ ಬೀದಿಯಲ್ಲಿ ನಿಂತು ತಲೆ ಎತ್ತಿದರೂ ಬೀದಿಯ ಕೊನೆಗೆ ಒಂದು ಬೆಟ್ಟ ಬಾಗಿಲು ಹಾಕಿದ ಹಾಗೆ ನಿಂತಿರುತ್ತದೆ. ಇಜೇರ್ ಮತ್ತು ದ್ರಾಕ್ ಎಂಬ ಎರಡು ನದಿಗಳು ಅಲ್ಲಿ ಕೂಡುತ್ತವೆ. ನದಿಯ ಮೇಲೆ ಗಾಜಿನ ಗುಂಡುಗಳನ್ನು ಪೋಣಿಸಿದಂಥ ತೂಗುತೊಟ್ಟಿಲುಗಳು ಬಾಸ್ತೀಲ್ ಕೋಟೆಯ ಗುಡ್ಡಕ್ಕೆ ಜನರನ್ನು ಎಳೆದೊಯ್ಯುತ್ತವೆ. ನಾನೂ ಕೂತೆ, ಕಣ್ಣು ಮುಚ್ಚಿಕೊಂಡು. ಆ ಸೀಮೆ ಅಕ್ರೋಟಿಗೆ ಹೆಸರುವಾಸಿ. ಕಡಲೆಕಾಯಿ ಬೀಜದ ಬದಲು ಅಕ್ರೋಟು ಹಾಕಿ ಚಟ್ನಿಪುಡಿ ಮಾಡಿ ನೋಡಿದೆ, ಸ್ವಲ್ಪ ಒಗರು ಬಂತು. ಹುರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ಹಾರಿಸಿದರೆ ಒಗರು ಹೋಗುತ್ತದೆ. ಮಾಡುವವರು ನೆನಪಿಟ್ಟುಕೊಳ್ಳಿ.

ಆ ಊರಿನಲ್ಲಿ ಮುದುಕಿಯರೂ ಸೈಕಲ್ ತುಳಿಯುತ್ತಾರೆ. ನಾನು ಮದುವೆಗೆ ಮುಂಚೆ ತುಳಿದದ್ದು ಬಿಟ್ಟರೆ ಮತ್ತೆ ಮುಟ್ಟಿರಲಿಲ್ಲ. ಮಗಳು ಎರಡು ಸಂಜೆ ನದಿ ದಂಡೆಯ ದಾರಿಯಲ್ಲಿ ನನ್ನನ್ನು ಕೂರಿಸಿ ಓಡಿಸಿದಳು. ಮೊಣಕಾಲು ನೋವು ಬಂತು, ಆದರೆ ಬೀಳಲಿಲ್ಲ. ಅದೇ ಹುಮ್ಮಸ್ಸಿನಲ್ಲಿ, 'ಅಮ್ಮ, ಭಾನುವಾರ ಇಲ್ಲೇ ಐವತ್ತು ಕಿಲೋಮೀಟರ್ ಆಚೆ ಹೆಂಗಸರ ಟೂರ್ ದ ಫ್ರಾನ್ಸ್ ಮುಗಿಯತ್ತೆ. ನೋಡೋಕೆ ಹೋಗೋಣ' ಎಂದಳು.

ಟೂರ್ ದ ಫ್ರಾನ್ಸ್ ಎಂಬ ಹೆಸರು ನಾನು ಪತ್ರಿಕೆಯಲ್ಲಿ ಕಂಡದ್ದುಂಟು. ಗಂಡಸರದ್ದು 21 ದಿನದ ಸವಾರಿ, ನಡುವೆ ಎರಡು ದಿನ ಬಿಡುವು, ಒಟ್ಟು ಮೂರು ಸಾವಿರದ ಮೇಲೆ ಕಿಲೋಮೀಟರ್. ಹೆಂಗಸರದ್ದು ಆ ವರ್ಷ ಏಳು ದಿನದಲ್ಲಿ ಎಂಟು ಹಂತ. ಒಂದು ದಿನ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಹಾಲೆಂಡಿನ ರೊಟರ್‌ಡ್ಯಾಮ್‌ನಿಂದ ಹೊರಟು, ಬೆಲ್ಜಿಯಂ ಹಾಯ್ದು, ಫ್ರಾನ್ಸಿನೊಳಗೆ ಬಂದು, ಆಲ್ಪ್ ದ್ವೆಜ್ ಎಂಬ ಬೆಟ್ಟದ ನೆತ್ತಿಯಲ್ಲಿ ಮುಗಿಯಬೇಕು. ಎಂಟು ಹಂತಕ್ಕೆ ಎಂಟು ಜನ ಗೆದ್ದರೆ ಕೊನೆಗೆ ಗೆದ್ದವರು ಯಾರು? ನನಗೆ ಅದೇ ತಲೆ ತಿಂದಿತು.

ಶನಿವಾರ ರಾತ್ರಿ ಅಡಿಗೆ ಮೇಜಿನ ಮೇಲೆ ಪಾಠ ಶುರುವಾಯಿತು. 'ಅಮ್ಮ, ನಮ್ಮನೆ ಕ್ಯಾಲೆಂಡರ್‌ನಲ್ಲಿ ನೀನು ಹಾಲಿನ ಲೆಕ್ಕ ಬರೀತೀಯಲ್ಲ, ಹಾಗೆ' ಎಂದಳು. ದಿನದಿನ ಎಷ್ಟು ಹಾಲು ಎಂದು ಬರೆದು ತಿಂಗಳ ಕೊನೆಗೆ ಕೂಡುವ ಹಾಗೆ, ಇಲ್ಲಿ ಪ್ರತಿ ಹಂತದಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯುತ್ತಾರೆ. ಎಲ್ಲಾ ಹಂತಗಳ ಹೊತ್ತು ಕೂಡಿದರೆ ಯಾರದ್ದು ಕಡಿಮೆಯೋ ಅವರು ಗೆದ್ದವರು. ಒಂದೂ ಹಂತ ಗೆಲ್ಲದೆ ಇಡೀ ಪಂದ್ಯ ಗೆಲ್ಲಬಹುದು! ಪ್ರತಿ ಸಂಜೆ ಅಲ್ಲಿಯವರೆಗಿನ ಲೆಕ್ಕದಲ್ಲಿ ಮುಂದಿರುವವರಿಗೆ ಹಳದಿ ಅಂಗಿ ತೊಡಿಸುತ್ತಾರೆ. ಮಾರನೆಯ ದಿನ ಅವರು ಅದನ್ನು ಹಾಕಿಕೊಂಡೇ ಸವಾರಿ ಮಾಡಬೇಕು. ನಾಡಿದ್ದು ಬೇರೆಯವರು ಮುಂದಾದರೆ ಅಂಗಿ ಅವರಿಗೆ.

'ಅಷ್ಟೇ ತಾನೆ?' ಎಂದೆ. ಅಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ.

ಬಯಲು ದಾರಿಯಲ್ಲಿ ನೂರು ಜನ ಒಟ್ಟಿಗೆ ಗುಂಪಾಗಿ ಬಂದು ಗೆರೆ ದಾಟುತ್ತಾರೆ. ಮುಂದಿನವಳಿಗೂ ಹಿಂದಿನವಳಿಗೂ ಹತ್ತು ಮಾರು ದೂರ ಇರಬಹುದು. ಆದರೂ ಎಲ್ಲರಿಗೂ ಒಂದೇ ಸಮಯ ಬರೆಯುತ್ತಾರೆ. ಮದುವೆ ದಿಬ್ಬಣದ ಬಸ್ಸಿನಲ್ಲಿ ಮುಂದಿನ ಸೀಟಿನ ಸೋದರತ್ತೆಯೂ ಹಿಂದಿನ ಸೀಟಿನ ಹುಡುಗರೂ ಒಂದೇ ಹೊತ್ತಿಗೆ ಛತ್ರ ತಲುಪಿದಂತೆ. ಇಲ್ಲದಿದ್ದರೆ ಒಂದೊಂದು ಸೆಕೆಂಡಿಗೆ ಎಲ್ಲರೂ ನುಗ್ಗಿ ಕೈಕಾಲು ಮುರಿದುಕೊಳ್ಳುತ್ತಾರೆ. ಅಂಥ ಹಂತಗಳಲ್ಲಿ ಕೊನೆಯ ಮೂರು ಕಿಲೋಮೀಟರಿನೊಳಗೆ ಯಾರಾದರೂ ಬಿದ್ದರೆ, ಅವರು ಯಾವ ಗುಂಪಿನಲ್ಲಿದ್ದರೋ ಆ ಗುಂಪಿನ ಸಮಯವನ್ನೇ ಅವರಿಗೂ ಕೊಡುತ್ತಾರೆ. ಇದು ನನಗೆ ಬಹಳ ನ್ಯಾಯವಾಗಿ ಕಂಡಿತು. ಆದರೆ ಮೂರು ಕಿಲೋಮೀಟರಿಗಿಂತ ಮುಂಚೆ ಬಿದ್ದರೆ? ಅವರವರ ಹಣೆಬರಹ. ಈ ಮಾತು ನೆನಪಿಟ್ಟಿರಿ, ಮುಂದೆ ಬೇಕಾಗುತ್ತದೆ.

ಇನ್ನೊಂದು, ಹಂತದಲ್ಲಿ ಮೊದಲು ಬಂದವಳಿಗೆ ಅವಳ ಲೆಕ್ಕದಿಂದ ಹತ್ತು ಸೆಕೆಂಡು ಕಳೆಯುತ್ತಾರೆ. ಎರಡನೆಯವಳಿಗೆ ಆರು, ಮೂರನೆಯವಳಿಗೆ ನಾಲ್ಕು. ನಾಲ್ಕನೆಯವಳಿಗೆ ಏನೂ ಇಲ್ಲ. ಹಬ್ಬದ ದಿನ ಅಂಗಡಿಯವರು ಕೊಡುವ ರಿಯಾಯಿತಿ ಇದ್ದ ಹಾಗೆ. 'ಇಪ್ಪತ್ತೈದು ಗಂಟೆ ಸೈಕಲ್ ತುಳಿಯೋರಿಗೆ ಹತ್ತು ಸೆಕೆಂಡ್ ಯಾವ ಲೆಕ್ಕ ಬಿಡೇ' ಎಂದು ನಕ್ಕೆ. ಮಾರನೆಯ ದಿನ ಆ ನಗು ವಾಪಸು ತೆಗೆದುಕೊಳ್ಳಬೇಕಾಯಿತು.

ಬೇರೆ ಬಣ್ಣದ ಅಂಗಿಗಳೂ ಇವೆ. ಹಸಿರು ಅಂಗಿಗೆ ಹೊತ್ತಿನ ಲೆಕ್ಕ ಇಲ್ಲ, ಅಂಕಗಳ ಲೆಕ್ಕ. ಗೆರೆಯ ಹತ್ತಿರ ಮಿಂಚಿನಂತೆ ನುಗ್ಗುವವರಿಗೆ ಅದು. ಕೆಂಪು ಚುಕ್ಕೆಯ ಬಿಳಿ ಅಂಗಿ ಬೆಟ್ಟ ಹತ್ತುವವರಿಗೆ. ಗಂಡಸರ ಪಂದ್ಯದಲ್ಲಿ ಅದು 1975ರಲ್ಲಿ ಬಂತು, ಆಗ ಒಂದು ಚಾಕೊಲೇಟ್ ಕಂಪೆನಿ ಅದರ ಖರ್ಚು ವಹಿಸಿತ್ತಂತೆ. ನೋಡಲು ನಮ್ಮ ಮಕ್ಕಳ ಫ್ರಾಕಿನ ಬಟ್ಟೆಯ ಹಾಗೇ ಇದೆ. ಬಿಳಿ ಅಂಗಿ ಚಿಕ್ಕ ವಯಸ್ಸಿನವರಲ್ಲಿ ಮುಂದಿರುವವರಿಗೆ. ಒಂದೇ ರಸ್ತೆಯಲ್ಲಿ ಏಕಕಾಲಕ್ಕೆ ನಾಲ್ಕು ಪಂದ್ಯ ನಡೆಯುತ್ತಿರುತ್ತವೆ ಎಂದಾಯಿತು. ಯಾರು ಯಾವುದಕ್ಕೆ ಬಡಿದಾಡುತ್ತಿದ್ದಾರೆ ಎಂದು ತಿಳಿಯದಿದ್ದರೆ ನೋಡುವವರಿಗೆ ಬರೀ ಚಕ್ರ ಕಾಣುತ್ತದೆ.

ತಂಡದ ಸಂಗತಿ ಕೇಳಿದ ಮೇಲೆ ನನಗೆ ನಿಜವಾದ ಆಸಕ್ತಿ ಹುಟ್ಟಿತು. ಹೆಂಗಸರಲ್ಲಿ ಏಳು ಜನರ ತಂಡ. ಗೆಲ್ಲಬೇಕಾದವಳು ಒಬ್ಬಳು, ಉಳಿದ ಆರು ಜನ ಅವಳಿಗೋಸ್ಕರ. ಸೈಕಲ್ಲಿಗೆ ದೊಡ್ಡ ಶತ್ರು ಗಾಳಿ. ಮುಂದೆ ಒಬ್ಬಳು ಗಾಳಿ ಸೀಳಿಕೊಂಡು ಹೋದರೆ ಹಿಂದಿನವಳಿಗೆ ಶ್ರಮ ಎಷ್ಟೋ ಕಡಿಮೆ. ಆದ್ದರಿಂದ ಈ ಆರು ಜನ ಸರದಿಯಂತೆ ಮುಂದೆ ಹೋಗಿ ಗಾಳಿಗೆ ಎದೆಯೊಡ್ಡುತ್ತಾರೆ, ಹಿಂದೆ ಬರುವ ಕಾರಿನಿಂದ ನೀರಿನ ಬಾಟಲಿ ತಂದುಕೊಡುತ್ತಾರೆ, ಅವಳ ಚಕ್ರ ಕೆಟ್ಟರೆ ತಮ್ಮದನ್ನೇ ಬಿಚ್ಚಿ ಕೊಡುವುದೂ ಉಂಟು. ಇವರನ್ನು ಫ್ರೆಂಚಿನಲ್ಲಿ 'ದೊಮೆಸ್ತಿಕ್' ಅನ್ನುತ್ತಾರೆ, ಅಂದರೆ ಮನೆಯಾಳು. 1911ರಲ್ಲಿ ಪಂದ್ಯದ ಯಜಮಾನ ಆನ್ರಿ ದೆಗ್ರಾಂಜ್ ಒಬ್ಬ ಸವಾರನನ್ನು ಹೀಯಾಳಿಸಲು ಬಳಸಿದ ಮಾತು ಅದು, ಹಾಗೇ ಉಳಿದುಬಿಟ್ಟಿತು. 'ಈ ಕೆಲಸ ನಾನೂ ಇಪ್ಪತ್ತೈದು ವರ್ಷದಿಂದ ಮಾಡ್ತಿದ್ದೀನಿ, ಸೈಕಲ್ ಒಂದಿಲ್ಲ' ಎಂದೆ. ಮಗಳು ನಗಲಿಲ್ಲ. ಆವಾಗಲೇ ನನಗೆ ಸ್ವಲ್ಪ ಅನುಮಾನ ಬರಬೇಕಿತ್ತು. ಸದಾ ಹಲ್ಲು ಕಿರಿಯುವ ಹುಡುಗಿ.

ಈ ಪಂದ್ಯ ಹುಟ್ಟಿದ್ದೇ ಒಂದು ಪತ್ರಿಕೆಯ ಮಾರಾಟ ಹೆಚ್ಚಿಸಲು. ಈ ಪತ್ರಿಕೆಯವರು ಅಡಿಗೆ ಸ್ಪರ್ಧೆ ಇಡುತ್ತಾರಲ್ಲ, ಹಾಗೆ. 1903ರಲ್ಲಿ 'ಲೋತೋ' ಎಂಬ ಪತ್ರಿಕೆ ಶುರುಮಾಡಿತು. ಅದನ್ನು ಹಳದಿ ಕಾಗದದಲ್ಲಿ ಅಚ್ಚು ಹಾಕುತ್ತಿದ್ದರು. 1919ರಲ್ಲಿ ಬಂದ ಹಳದಿ ಅಂಗಿಗೂ ಆ ಕಾಗದಕ್ಕೂ ನಂಟು ಹೇಳುತ್ತಾರೆ. ಎರಡನೆಯ ವರ್ಷವೇ, ಅಂದರೆ 1904ರಲ್ಲಿ, ಭಾರಿ ಮೋಸ ನಡೆಯಿತು. ದಾರಿಯಲ್ಲಿ ಮೊಳೆ ಚೆಲ್ಲಿದರು, ಕೆಲವರು ಗುಟ್ಟಾಗಿ ರೈಲು ಹತ್ತಿದರು! ಕೊನೆಗೆ ಮೊದಲ ನಾಲ್ಕು ಜನರ ಹೆಸರನ್ನೇ ಹೊಡೆದುಹಾಕಿದರು. ಆಮೇಲೆ 1905ರಿಂದ 1912ರವರೆಗೆ ಹೊತ್ತಿನ ಲೆಕ್ಕ ಬಿಟ್ಟು ಅಂಕದ ಲೆಕ್ಕ ಹಿಡಿದರು. ಮೊದಲನೆಯವನಿಗೆ ಒಂದು, ಎರಡನೆಯವನಿಗೆ ಎರಡು, ಹೀಗೆ. ಕೂಡಿದಾಗ ಕಡಿಮೆ ಬಂದವನು ಗೆದ್ದ. ಆದರೆ ಒಂದು ಗಂಟೆ ಮುಂಚೆ ಬಂದರೂ ಒಂದೇ ಅಂಕ, ಒಂದು ಮಾರು ಮುಂಚೆ ಬಂದರೂ ಅದೇ ಅಂಕ. ಬೆಟ್ಟದಲ್ಲಿ ಪ್ರಾಣ ಬಿಟ್ಟು ತುಳಿದವನಿಗೆ ಏನು ಲಾಭ? 1913ರಲ್ಲಿ ಮತ್ತೆ ಗಡಿಯಾರಕ್ಕೆ ಬಂದರು.

ಹೆಂಗಸರಿಗೆ ಅವಕಾಶ ಸಿಕ್ಕಿದ ಕಥೆ ಇನ್ನೊಂದು. 1955ರಲ್ಲಿ ಒಮ್ಮೆ ಪಂದ್ಯ ಮಾಡಿ ಕೈಬಿಟ್ಟರು. 1984ರಲ್ಲಿ ಗಂಡಸರ ಪಂದ್ಯದ ಜೊತೆಜೊತೆಗೇ ಮತ್ತೆ ಮಾಡಿದಾಗ ಅಮೆರಿಕದ ಮರಿಯಾನ್ ಮಾರ್ಟಿನ್ ಗೆದ್ದಳು. 1989ರ ನಂತರ ಆ ಪಂದ್ಯವೂ ನಿಂತಿತು. ಬೇರೆ ಬೇರೆ ಹೆಸರಿನಲ್ಲಿ ಬೇರೆಯವರು ನಡೆಸಿದ್ದುಂಟು. ಈಗಿನದು 2022ರಲ್ಲಿ ಶುರುವಾದದ್ದು. ಮೊದಲ ವರ್ಷ ಗೆದ್ದ ಹಾಲೆಂಡಿನ ಆನೆಮಿಕ್ ಫಾನ್ ಫ್ಲ್ಯೂಟೆನ್‌ಗೆ 39 ವರ್ಷ. ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟು ನರಳಿದವಳು ಕೊನೆಯ ಎರಡು ದಿನ ಬೆಟ್ಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳಂತೆ. 39 ಎಂದು ಕೇಳಿ ನನ್ನ ಮೊಣಕಾಲು ನೋವು ಅರ್ಧ ಕಡಿಮೆಯಾಯಿತು. ಬಹುಮಾನದ ಹಣ ಕೇಳಿದಾಗ ಮಾತ್ರ ಸಿಟ್ಟು ಬಂತು. 2024ರಲ್ಲಿ ಗೆದ್ದ ಗಂಡಸಿಗೆ ಐದು ಲಕ್ಷ ಯೂರೋ, ಗೆದ್ದ ಹೆಂಗಸಿಗೆ ಐವತ್ತು ಸಾವಿರ. ದಿನ ಕಡಿಮೆ ಸರಿ, ಹತ್ತರಲ್ಲಿ ಒಂದು ಪಾಲೇ?

ಇರಲಿ, ಬೆಟ್ಟಕ್ಕೆ ಹೋಗೋಣ.

ಮಗಳ ಸಹಪಾಠಿಯೊಬ್ಬಳು ಬೆಳಗಿನ ಜಾವ ಕಾರಿನಲ್ಲಿ ಕರೆದೊಯ್ದಳು. ವಿಜೀಲ್ ಎಂಬ ಊರು ದಾಟಿದ ಮೇಲೆ ರೊಮಾಂಶ್ ನದಿಯ ಕಣಿವೆ, ಎರಡು ಕಡೆಯೂ ಗೋಡೆಯಂತೆ ಬಂಡೆ. ಅಲ್ಲಿಂದ ಒಮ್ಮೆಲೇ ಬಯಲು ತೆರೆದುಕೊಂಡು ಬೂರ್ ದ್ವಾಜಾಂ ಎಂಬ ಪುಟ್ಟ ಪೇಟೆ ಬರುತ್ತದೆ. ಬೆಟ್ಟದ ಬುಡ ಅದೇ. ಅಲ್ಲಿಂದ ನೆತ್ತಿಗೆ 13.8 ಕಿಲೋಮೀಟರ್, ಹೇರ್‌ಪಿನ್ ತಿರುವು 21. ನಮ್ಮ ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವಿಗೇ ನಾನು ನಿಂಬೆಹಣ್ಣು ಮೂಸುತ್ತೇನೆ. ಇಲ್ಲಿ ತಿರುವುಗಳಿಗೆ ಕೆಳಗಿನಿಂದ 21, 20, 19 ಎಂದು ಇಳಿಕೆಯ ಎಣಿಕೆ. ಒಂದೊಂದರಲ್ಲೂ ಹಿಂದೆ ಇಲ್ಲಿ ಗೆದ್ದವರ ಹೆಸರಿನ ಫಲಕ. ಕೆಳಗಿನ 21ರಲ್ಲಿ ಇಟಲಿಯ ಫೌಸ್ಟೊ ಕೊಪ್ಪಿಯ ಹೆಸರಿದೆ. 1952ರಲ್ಲಿ ಮೊದಲ ಸಲ ಇಲ್ಲಿಗೆ ಪಂದ್ಯ ಬಂದಾಗ ಗೆದ್ದವನು ಅವನು.

ನಡೆದೇ ಹತ್ತಿದೆವು. ಮೊದಲ ಎರಡು ಕಿಲೋಮೀಟರ್ ಏರು ಬಹಳ ಕಡಿದು. ಮಗಳು ಮುಂದೆ, ನಾನು ಛತ್ರಿಯನ್ನೇ ಊರುಗೋಲು ಮಾಡಿಕೊಂಡು ಹಿಂದೆ. ನಮ್ಮ ಪಕ್ಕದಲ್ಲೇ ಊರ ಜನ, ಅಪ್ಪ, ಮಗ, ನನಗಿಂತ ಹತ್ತು ವರ್ಷ ಹಿರಿಯ ಹೆಂಗಸರು, ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತಾ ಹತ್ತುತ್ತಿದ್ದರು. ಪಂದ್ಯಕ್ಕೆ ಮುಂಚೆ ತಾವೂ ಅದೇ ದಾರಿ ಹತ್ತಬೇಕು ಎಂಬ ಆಸೆ. ಒಬ್ಬಾಕೆ ನನ್ನ ಸೀರೆ ನೋಡಿ ಏನೋ ಹೇಳಿ ಚಪ್ಪಾಳೆ ತಟ್ಟಿದಳು. 'ಶಭಾಷ್ ಅಂದಳು ನಿನಗೆ' ಎಂದು ಮಗಳು ಅರ್ಥ ಹೇಳಿದಳು. ಲಾ ಗಾರ್ದ್ ಎಂಬ ಹಳ್ಳಿಯ ಬಳಿ, 16ನೆಯ ತಿರುವಿನಲ್ಲಿ ನನ್ನ ಕಾಲು ಸಂಪು ಹೂಡಿತು. ಇನ್ನೂ ಮೇಲೆ 7ನೆಯ ತಿರುವಿನಲ್ಲಿ ಹಾಲೆಂಡಿನವರ ಜಾತ್ರೆಯೇ ಇರುತ್ತದೆ, ಕಿತ್ತಳೆ ಬಣ್ಣ ಬಳಿದುಕೊಂಡು ಕುಣಿಯುತ್ತಾರೆ ಎಂದು ಮಗಳು ಆಸೆ ತೋರಿಸಿದಳು. 'ನೀನು ಹೋಗಮ್ಮ, ನಾನಿಲ್ಲೇ' ಎಂದು ಮೋಟುಗೋಡೆಯ ಮೇಲೆ ಟವೆಲ್ ಹಾಸಿ ಕುಳಿತೆ. ಅವಳೂ ಹೋಗಲಿಲ್ಲ.

ಪಂದ್ಯ ಬರುವುದು ಸಂಜೆಗೆ. ಅಷ್ಟು ಹೊತ್ತು ಏನು ಮಾಡುವುದು? ಅಲ್ಲಿಯವರು ಬುಟ್ಟಿಯಿಂದ ಬ್ರೆಡ್ಡು, ಗಿಣ್ಣು, ದ್ರಾಕ್ಷಾರಸ ತೆಗೆದರು. ನಾವು ಚಪಾತಿ, ಚಿತ್ರಾನ್ನ ತೆಗೆದೆವು. ರಸ್ತೆಯ ಮೇಲೆ ಸುಣ್ಣದಂಥ ಬಣ್ಣದಲ್ಲಿ ತಮ್ಮ ಮೆಚ್ಚಿನ ಹುಡುಗಿಯರ ಹೆಸರು ಬರೆದಿದ್ದರು. ಮಗಳು ಒಂದೊಂದೇ ಓದಿ ಅಲ್ಲಿಯವರೆಗಿನ ಕಥೆ ಹೇಳಿದಳು.

ಡೆಮಿ ವೊಲರಿಂಗ್ ಹಾಲೆಂಡಿನವಳು, ಹಿಂದಿನ ವರ್ಷ ಗೆದ್ದವಳು. ಈ ವರ್ಷವೂ ಮೂರನೆಯ ಹಂತ ಗೆದ್ದು ಹಳದಿ ಅಂಗಿ ತೊಟ್ಟಳು. ಐದನೆಯ ಹಂತದಲ್ಲಿ, ಆಮ್ನೆವಿಲ್ ಎಂಬ ಊರಿಗೆ ಇನ್ನು ಸುಮಾರು ಆರು ಕಿಲೋಮೀಟರ್ ಇರುವಾಗ ಹಲವರೊಂದಿಗೆ ಬಿದ್ದಳು. ಮೂರು ಕಿಲೋಮೀಟರಿನ ಕನಿಕರ ಅವಳಿಗೆ ಸಿಗಲಿಲ್ಲ. ಸೊಂಟ ಹಿಡಿದುಕೊಂಡು ಎದ್ದು ಬರುವಷ್ಟರಲ್ಲಿ 1 ನಿಮಿಷ 47 ಸೆಕೆಂಡು ಹೋಯಿತು, ಅಂಗಿಯೂ ಹೋಯಿತು. ಆ ದಿನ ಗೆದ್ದವಳು ಯಾರು ಗೊತ್ತೇ? ಅವಳದೇ ತಂಡದ ಬ್ಲಾಂಕಾ ವಾಸ್! ಯಜಮಾನಿ ಹಿಂದೆ ಬಿದ್ದಿದ್ದಾಳೆ, ಮನೆಯವರು ಮುಂದೆ ಹೋಗಿ ಬಹುಮಾನ ಪಡೆದರು. ಮಗಳಿಗೆ ಇದರ ಮೇಲೆ ವಿಪರೀತ ಸಿಟ್ಟು. 'ಯಾರೂ ನಿಂತು ಕಾಯಲಿಲ್ಲ ಅಮ್ಮ! ಏಳು ಜನ ಇರೋದು ಯಾಕೆ ಮತ್ತೆ?'

ಹಳದಿ ಅಂಗಿ ಸಿಕ್ಕಿದ್ದು ಪೋಲೆಂಡಿನ ಕಾಸಿಯಾ ನ್ಯೆವ್ಯಾದೋಮಾಗೆ. 2022ರಲ್ಲಿ ಮೂರನೆಯವಳು, 2023ರಲ್ಲೂ ಮೂರನೆಯವಳು. ಎರಡು ವರ್ಷ ಇನ್ನೊಬ್ಬರ ಆರತಿಗೆ ಪಕ್ಕದಲ್ಲಿ ನಿಂತವಳು. ಈ ದಿನ ಬೆಳಿಗ್ಗೆ ಹೊರಡುವಾಗ ಅವಳು ವೊಲರಿಂಗ್‌ಗಿಂತ 1 ನಿಮಿಷ 15 ಸೆಕೆಂಡು ಮುಂದಿದ್ದಳು. ನನಗೆ ಇವಳೇ ಗೆಲ್ಲಲಿ ಅನ್ನಿಸಿತು. ಬಿದ್ದದ್ದು ಪಾಪ, ಸರಿ. ಆದರೆ ಬೀಳದೆ ಇದ್ದದ್ದೂ ತಪ್ಪೇ? ತಾಯಿ ಮಗಳು ಇದೇ ವಿಷಯಕ್ಕೆ ಅರ್ಧ ಗಂಟೆ ಜಗಳವಾಡಿದೆವು. ಪಕ್ಕದ ಫ್ರೆಂಚರು ಬ್ರೆಡ್ಡು ಬಿಟ್ಟು ನಮ್ಮನ್ನೇ ನೋಡಿದರು.

ಜಗಳದ ನಡುವೆ ಮಗಳು ಸುಮ್ಮನಾದಳು. ಆಮೇಲೆ ರಸ್ತೆ ನೋಡುತ್ತಾ, 'ಅಮ್ಮ, ಜೂನಲ್ಲಿ ಎಲ್ಲ ಪಾಸು ಅಂದೆನಲ್ಲ. ಇಲ್ಲ. ಎರಡು ಪೇಪರ್ ಉಳಿದಿದೆ. ಆರು ತಿಂಗಳು ಜಾಸ್ತಿ ಆಗತ್ತೆ' ಎಂದಳು. ಊರಿಗೆ ಯಾಕೆ ಬರಲಿಲ್ಲ ಎಂಬುದು ಆಗ ತಿಳಿಯಿತು. ಏಪ್ರಿಲಿನಲ್ಲಿ ಎರಡು ವಾರ ಜ್ವರ ಬಂದು ಒಬ್ಬಳೇ ಮಲಗಿದ್ದಳಂತೆ. ನಮಗೆ ಫೋನಿನಲ್ಲಿ 'ಪರೀಕ್ಷೆ ಗಡಿಬಿಡಿ' ಎಂದಿದ್ದಳು. ಬ್ಯಾಂಕಿನ ಸಾಲ, ಇನ್ನಾರು ತಿಂಗಳ ಬಾಡಿಗೆ, ನಮ್ಮವರು ತಮ್ಮ ಆಫೀಸಿನಲ್ಲಿ ಹಂಚಿದ ಪೇಡ, ಎಲ್ಲಾ ನನ್ನ ಕಣ್ಣ ಮುಂದೆ ಬಂತು. ಬೈಯಬೇಕು ಅನ್ನಿಸಿತು. ಬಾಯಿಂದ ಬಂದದ್ದು, 'ಆ ಎರಡು ವಾರ ಊಟಕ್ಕೆ ಏನು ಮಾಡಿದೆ?'

'ಬ್ರೆಡ್ಡು. ಅಪ್ಪಂಗೆ ಹೇಳ್ಬೇಡ ಅಮ್ಮ.'

ಚಿತ್ರಾನ್ನ ಇನ್ನಷ್ಟು ಬಡಿಸಿದೆ. ತಿಂದಳು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. (ಇದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಎರಡು ಪೇಪರೂ ಆಮೇಲೆ ಪಾಸಾದವು.)

ಅಷ್ಟರಲ್ಲಿ ಮೆರವಣಿಗೆ ಬಂತು. ಪಂದ್ಯಕ್ಕೆ ಮುಂಚೆ ಕಂಪೆನಿಗಳ ಅಲಂಕಾರದ ಗಾಡಿಗಳು ಹಾಡು ಹಾಕಿಕೊಂಡು ಬರುತ್ತವೆ, ಮೇಲಿನಿಂದ ಟೋಪಿ, ಕೀ ಚೈನು, ತಿಂಡಿಯ ಪೊಟ್ಟಣ ಎಸೆಯುತ್ತಾರೆ. ಮಾನ ಮರ್ಯಾದೆ ಉಳ್ಳ ಜನ ಒಂದು ಟೋಪಿಗೆ ಚರಂಡಿಗಿಳಿಯುವುದನ್ನು ಕಂಡೆ. ನಾನೂ ಒಂದು ಹಿಡಿದೆ, ಸೆರಗಿನಲ್ಲಿ.

ಆ ದಿನದ ಹಂತ ಲೆ ಗ್ರಾಂ ಬೋರ್ನಾಂ ಎಂಬ ಊರಿನಿಂದ ಸುಮಾರು 150 ಕಿಲೋಮೀಟರ್. ನಮ್ಮ ಬೆಟ್ಟಕ್ಕಿಂತ ಮೊದಲು ಗ್ಲಾಂಡೋ ಎಂಬ 1,924 ಮೀಟರ್ ಎತ್ತರದ ಇನ್ನೊಂದು ಘಾಟಿ. ಪಕ್ಕದವರ ಮೊಬೈಲಿನಲ್ಲಿ ಬಗ್ಗಿ ನೋಡಿದೆವು. ವೊಲರಿಂಗ್ ಆ ಘಾಟಿಯಲ್ಲೇ ಎಲ್ಲರನ್ನೂ ಬಿಟ್ಟು ಹೊರಟಿದ್ದಳು, ಮನೆ ಇನ್ನೂ ಐವತ್ತು ಕಿಲೋಮೀಟರ್ ದೂರ ಇರುವಾಗಲೇ. ಅವಳ ಹಿಂದೆ ಅಂಟಿಕೊಂಡು ಬೇರೆ ತಂಡದ ಪೌಲಿನಾ ರೊಯ್ಯಾಕರ್ಸ್. ಅವಳಿಗೂ ಹಳದಿ ಅಂಗಿಯ ಆಸೆ ಇತ್ತು. ಆದ್ದರಿಂದ ಮುಂದೆ ಬಂದು ಗಾಳಿ ಸೀಳಲು ಒಪ್ಪಲಿಲ್ಲ. ವೊಲರಿಂಗ್ ಒಬ್ಬಳೇ ಎಳೆಯಬೇಕು. ಹಿಂದೆ ಕಾಸಿಯಾ ಇದ್ದ ಗುಂಪಿನಲ್ಲಿ ಮಾತ್ರ, ಬೇರೆ ತಂಡದವರೂ ಅವರವರ ಲಾಭಕ್ಕೆ ಕಣಿವೆಯಲ್ಲಿ ಗಾಳಿಗೆ ಮುಖ ಕೊಟ್ಟು ತುಳಿದರು. ಅದರ ಮರೆ ಕಾಸಿಯಾಗೂ ಸಿಕ್ಕಿತು.

ಮೊದಲು ಮೋಟಾರ್ ಸೈಕಲ್ಲುಗಳು, ಮೇಲೆ ಹೆಲಿಕಾಪ್ಟರ್. ಆಮೇಲೆ ತಿರುವಿನಲ್ಲಿ ಅವರಿಬ್ಬರು. ಟೀವಿಯಲ್ಲಿ ಕಂಡದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೂರು ಮೊಳ ದೂರದಲ್ಲಿ ಹಾದುಹೋದಳು ವೊಲರಿಂಗ್. ಬಾಯಿ ತೆರೆದಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು, ಉಸಿರಿನ ಸದ್ದು ನನಗೆ ಕೇಳಿಸಿತು. ಹೆರಿಗೆ ಕೋಣೆಯ ಹೊರಗೆ ಕೇಳಿದ ಸದ್ದು ಅದು. ಅವಳ ಹಿಂಚಕ್ರದ ಹಿಂದೆ ನೆರಳಿನಂತೆ ಇನ್ನೊಬ್ಬಳು.

ಮಗಳು, 'ಅಮ್ಮ, ಎಣಿಸು!' ಎಂದಳು. ಇಡ್ಲಿ ಇಟ್ಟು ಗಡಿಯಾರ ನೋಡದೆ ಹೊತ್ತು ಹೇಳುವವಳು ನಾನು. ಒಂದು, ಎರಡು, ಮೂರು ಎಂದು ಶುರುಮಾಡಿದೆ. 75ರೊಳಗೆ ಹಳದಿ ಅಂಗಿ ಬರಬೇಕು. ನಲವತ್ತರವರೆಗೆ ಎಣಿಸಿದ್ದು ನೆನಪಿದೆ. ಆಮೇಲೆ ಕೆಳಗಿನ ತಿರುವಿನಿಂದ ಕೂಗು ಎದ್ದು ಲೆಕ್ಕ ತಪ್ಪಿತು. ಹಳದಿ ಅಂಗಿ ಬಂತು. ಕಾಸಿಯಾ ಯಾರನ್ನೂ ನೋಡಲಿಲ್ಲ, ರಸ್ತೆಯನ್ನು ನುಂಗುವವಳ ಹಾಗೆ ಕತ್ತು ಮುಂದೆ ಚಾಚಿದ್ದಳು. 'ಹೋಗು ತಾಯಿ ಹೋಗು!' ಎಂದು ಕೂಗಿದೆ. ಪಕ್ಕದಲ್ಲಿ ನನ್ನ ಮಗಳು ವೊಲರಿಂಗ್ ಕಡೆಯವಳು, ಅವಳೂ ಅದನ್ನೇ ಕೂಗುತ್ತಿದ್ದಳು.

ಕೊನೆಯ ಭಾಗವನ್ನು ಆ ಮೊಬೈಲಿನ ಸುತ್ತ ಹನ್ನೆರಡು ತಲೆಗಳು ಸೇರಿ ನೋಡಿದೆವು. ವೊಲರಿಂಗ್ ಕೊನೆಗೆ ರೊಯ್ಯಾಕರ್ಸ್‌ಳನ್ನೂ ಹಿಂದೆ ಹಾಕಿ ಮೊದಲು ಬಂದಳು. ಗೆದ್ದಳೇ? ಯಾರಿಗೂ ಗೊತ್ತಿಲ್ಲ. ಎಲ್ಲರೂ ಖಾಲಿ ರಸ್ತೆಯನ್ನು, ಓಡುವ ಗಡಿಯಾರವನ್ನು ನೋಡುತ್ತಿದ್ದಾರೆ. ನೆಲದಲ್ಲಿ ಬಿದ್ದ ವೊಲರಿಂಗ್‌ಗೂ ತಾನು ಗೆದ್ದೆನೋ ಸೋತೆನೋ ತಿಳಿಯದು. ಮೂರನೆಯವಳಾಗಿ ಫ್ರಾನ್ಸಿನ ಎವಿತಾ ಮ್ಯೂಜಿಕ್ ಬಂದಳು, ನಾಲ್ಕು ಸೆಕೆಂಡಿನ ರಿಯಾಯಿತಿ ಅವಳಿಗೆ. ಆಮೇಲೆ ಹಳದಿ ಅಂಗಿ. ವೊಲರಿಂಗ್ ಬಂದು 61 ಸೆಕೆಂಡಾಗಿತ್ತು.

ನಾನು ಬೆರಳು ಮಡಿಚಿದೆ. ಬೆಳಿಗ್ಗೆ ಇದ್ದ ಗಂಟು 75. ಅದರಲ್ಲಿ 61 ಹೋದರೆ 14. ಮೊದಲು ಬಂದವಳಿಗೆ ಹತ್ತು ರಿಯಾಯಿತಿ, ಅದೂ ಹೋದರೆ ಉಳಿದದ್ದು ನಾಲ್ಕು. 'ನಾಲ್ಕು ಸೆಕೆಂಡು ಉಳಿಯಿತು ಕಣೇ, ಕಾಸಿಯಾ ಗೆದ್ದಳು!' ಎಂದೆ. ಮೊಬೈಲಿನಲ್ಲಿ ಅದು ಬರುವ ಮುಂಚೆಯೇ. ಮಗಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಹಾಲಿನ ಲೆಕ್ಕ ಸುಮ್ಮನೆ ಹೋಗುವುದಿಲ್ಲ.

ಏಳು ದಿನ, 24 ಗಂಟೆ ಮೀರಿದ ಸವಾರಿ, ಅಂತರ ನಾಲ್ಕು ಸೆಕೆಂಡು. ರೊಯ್ಯಾಕರ್ಸ್ ಕೂಡ ಹತ್ತೇ ಸೆಕೆಂಡು ಹಿಂದೆ ಇದ್ದು ಮೂರನೆಯವಳಾದಳು. ಗಂಡಸರ ಪಂದ್ಯದಲ್ಲಿ ಇಷ್ಟು ಚಿಕ್ಕ ಅಂತರ ಎಂದೂ ಆದದ್ದಿಲ್ಲ. ಅಲ್ಲಿ ಅತಿ ಕಡಿಮೆ ಎಂದರೆ 1989ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಫ್ರಾನ್ಸಿನ ಲೊರಾಂ ಫಿನ್ಯೋನನ್ನು ಸೋಲಿಸಿದ ಎಂಟು ಸೆಕೆಂಡು. ಕೊನೆಯ ದಿನ ಬೆಳಿಗ್ಗೆ ಫಿನ್ಯೋ 50 ಸೆಕೆಂಡು ಮುಂದಿದ್ದ. ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ನೋಡುವ ಓಟ ಅದು, ಬರೀ 24.5 ಕಿಲೋಮೀಟರ್. ಲೆಮಾಂಡ್ ಅಷ್ಟರಲ್ಲೇ 58 ಸೆಕೆಂಡು ಗಳಿಸಿಬಿಟ್ಟ. ಫಿನ್ಯೋನ ಸೋಲನ್ನು ಅಲ್ಲಿಯ ಮುದುಕರು ಇನ್ನೂ ಹೇಳಿ ಹೇಳಿ ನಿಟ್ಟುಸಿರು ಬಿಡುತ್ತಾರೆ. ನಮ್ಮ ಪಕ್ಕದ ಮುದುಕನೂ ಬಿಟ್ಟ.

ನಮ್ಮ ಜಗಳ ಮಾತ್ರ ಇಳಿಯುವ ದಾರಿಯಲ್ಲಿ ಮತ್ತೆ ಶುರುವಾಯಿತು. ಆಮ್ನೆವಿಲ್‌ನಲ್ಲಿ ಅವಳ ತಂಡದವರು ನಿಂತು ಎಳೆದಿದ್ದರೆ ಐದು ಸೆಕೆಂಡಾದರೂ ಉಳಿಯುತ್ತಿರಲಿಲ್ಲವೇ ಎಂದು ಮಗಳು. ಉಳಿಯುತ್ತಿತ್ತು, ಒಪ್ಪುತ್ತೇನೆ. ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಈಗಲೂ ಅವಳ ಕಡೆಗೇ. ಆದರೆ ಕಾಸಿಯಾ ಆ ಘಾಟಿಯಲ್ಲಿ ಹಿಂದೆ ಬಿದ್ದಾಗ ಕೈಚೆಲ್ಲದೆ, ಹೊತ್ತನ್ನು ಜಿಪುಣತನದಿಂದ ಹಿಡಿದು ಹಿಡಿದು ಖರ್ಚು ಮಾಡಿದಳಲ್ಲ, ಅದು ನನಗೆ ಚೆನ್ನಾಗಿ ಅರ್ಥವಾಗುವ ಸಂಗತಿ. ತಿಂಗಳ ಕೊನೆಯ ವಾರ ಮನೆ ನಡೆಸಿದವರಿಗೆ ಹೇಳಿಕೊಡಬೇಕಾಗಿಲ್ಲ.

ಮುಂದಿನ ವರ್ಷ, 2025ರಲ್ಲಿ, ಪಂದ್ಯ ಒಂಬತ್ತು ಹಂತದ್ದಾಯಿತು. ಫ್ರಾನ್ಸಿನವಳೇ ಆದ ಪೊಲೀನ್ ಫೆರಾಂ-ಪ್ರೆವೊ ಗೆದ್ದಳು. ಅದನ್ನು ನಾನು ಮನೆಯಲ್ಲೇ ಕುಳಿತು, ಅತ್ತೆಯವರಿಗೆ ಅಂಗಿಗಳ ಬಣ್ಣ ವಿವರಿಸುತ್ತಾ ಮೊಬೈಲಿನಲ್ಲಿ ನೋಡಿದೆ. ಅವರಿಗೆ ಚುಕ್ಕೆ ಅಂಗಿ ಇಷ್ಟ.

ಆ ರಾತ್ರಿ ಗ್ರೆನೋಬ್ಲ್ ತಲುಪಿದಾಗ ಹತ್ತು ಗಂಟೆ ದಾಟಿತ್ತು. ಊರಿನಲ್ಲಿ ನಡುರಾತ್ರಿ ಕಳೆದಿದ್ದರೂ ನಮ್ಮವರು ಎಚ್ಚರವಾಗಿದ್ದು ಫೋನ್ ಮಾಡಿದರು. 'ಯಾರು ಗೆದ್ದರು?' 'ನಾಲ್ಕನೆಯವಳು' ಎಂದೆ. 'ಮೊದಲು ಬಂದವಳು?' 'ಅವಳು ಎರಡನೆಯವಳಾದಳು.' ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. 'ನಿನಗೆ ಬಿಸಿಲು ಹೆಚ್ಚಾಗಿರಬೇಕು. ಮಗಳಿಗೆ ಕೊಡು, ಅವಳು ಸರಿಯಾಗಿ ಹೇಳ್ತಾಳೆ' ಎಂದರು.

ಮಗಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಫೋನ್ ತೆಗೆದುಕೊಂಡು, 'ಅಪ್ಪ, ಪಂದ್ಯದ್ದು ಆಮೇಲೆ. ಮೊದಲು ನನ್ನದೊಂದು ಇದೆ' ಎಂದಳು. ನಾನು ಚಿತ್ರಾನ್ನದ ಡಬ್ಬಿ ತೊಳೆಯಲು ಅಡಿಗೆಮನೆಗೆ ಹೋದೆ.